ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ತಂತ್ರಾಂಶ ಬಲ್ಲ ಕನ್ನಡಿಗರೊಡನೆ ಒಂದು ತಕರಾರು



ಬೆಳಗಿನ ಹೊತ್ತು ಪಿನ್ನರ್ ನಿಲ್ದಾಣದಲ್ಲಿ ಮೆಟ್ರೊಪಾಲಿಟನ್ ಮಾರ್ಗದ ರೈಲಿಗೆ ಕಾದು ನಿಲ್ಲುವವರಲ್ಲಿ ನಮ್ಮವರು ಎದ್ದು ಕಾಣುವಷ್ಟು ಮಂದಿ ಇದ್ದಾರೆ. ಅವರಲ್ಲಿ ಅನೇಕರ ಅನ್ನದ ದಾರಿ ಒಂದೇ: ಬ್ಯಾಂಕು, ವಿಮೆ, ಆಸ್ಪತ್ರೆ, ಅಂಗಡಿಗಳ ಹಿಂದೆ ಹಗಲಿರುಳು ದುಡಿಯುವ ನೂರಾರು ಸರ್ವರುಗಳನ್ನು ಹೊಂದಿಸುವುದು, ಅವು ಪರಸ್ಪರ ಮಾತನಾಡುವಂತೆ ನೋಡಿಕೊಳ್ಳುವುದು, ಕೆಟ್ಟಾಗ ಎಬ್ಬಿಸಿ ನಿಲ್ಲಿಸುವುದು. ಇದು ಗೌರವದ ಕೆಲಸ. ಈ ಲೇಖಕನೂ ಅದನ್ನೇ ಮಾಡಿ ಬದುಕು ಕಟ್ಟಿಕೊಂಡವನು. ಆದಕಾರಣ ಇಲ್ಲಿ ಬರೆಯುತ್ತಿರುವುದು ಹೊರಗಿನವನ ದೂರಲ್ಲ, ಮನೆಯೊಳಗಿನ ತಕರಾರು.

ಬ್ರಿಟನ್ನಿನ ಅಂಚೆ ಕಚೇರಿಯ ‘ಹೊರೈಜನ್’ ಹಗರಣದ ಮಾತು ಬಂದಾಗಲೆಲ್ಲ ನಮ್ಮ ಕೂಟಗಳಲ್ಲಿ ಒಂದೇ ಬಗೆಯ ಉತ್ತರ ಕೇಳಿಬರುತ್ತದೆ. “ಅದು ಹಳೆಯ ಕಾಲದ ತಂತ್ರಾಂಶ, ಈಗಿನ ವಿನ್ಯಾಸದಲ್ಲಿ ಅಂಥದ್ದು ನಡೆಯುವುದಿಲ್ಲ” ಎಂಬುದು ಮೊದಲನೆಯದು. “ತಪ್ಪು ಮಾಡಿದವರು ಮೇಲಧಿಕಾರಿಗಳು ಮತ್ತು ವಕೀಲರು, ಎಂಜಿನಿಯರುಗಳದೇನು?” ಎಂಬುದು ಎರಡನೆಯದು. ಇವೆರಡೂ ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನಗಳು. ಎರಡೂ ಸುಳ್ಳು ಎಂಬುದೇ ಈ ಲೇಖನದ ವಾದ.

ಕಂಪ್ಯೂಟರಿನ ಗಂಧವಿಲ್ಲದ ನಮ್ಮ ಮನೆಯ ಹಿರಿಯರಿಗೂ ತಿಳಿಯುವಂತೆ ವಿಷಯವನ್ನು ಹೇಳುತ್ತೇನೆ. ಹತ್ತೂರಿನ ಶಾನುಭೋಗರು ತಮ್ಮ ತಮ್ಮ ಊರಿನ ಜಮಾಖರ್ಚನ್ನು ತಮ್ಮ ಕಡತಗಳಲ್ಲಿ ಬರೆಯುತ್ತಾರೆ, ಅದರ ಪ್ರತಿ ತಾಲ್ಲೂಕು ಕಚೇರಿಗೆ ಹೋಗುತ್ತದೆ, ಎರಡೂ ತಾಳೆಯಾಗಬೇಕು. ವಿತರಿತ ವ್ಯವಸ್ಥೆ ಎಂದರೆ ಇಷ್ಟೇ. ಪ್ರತಿಯೊಬ್ಬ ಶಾನುಭೋಗನೂ ಒಂದು ನೋಡ್. ದಾರಿಯಲ್ಲಿ ಹಳ್ಳ ತುಂಬಿ ಹರಿದರೆ ಪ್ರತಿ ತಲಪುವುದಿಲ್ಲ. ತಲಪಿತೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಕಳುಹಿಸಿದರೆ ಒಂದೇ ಲೆಕ್ಕ ಎರಡು ಬಾರಿ ಜಮೆಯಾಗಬಹುದು. ಯಾರೋ ಒಬ್ಬರಿಗೆ ಹೊಸ ನಿಯಮದ ಸುತ್ತೋಲೆ ಮುಟ್ಟದಿದ್ದರೆ ಆತ ಹಳೆಯ ದರದಲ್ಲೇ ಕಂದಾಯ ಬರೆಯುತ್ತಾನೆ. ಇವು ಅಪರೂಪದ ಅವಘಡಗಳಲ್ಲ, ಈ ವ್ಯವಸ್ಥೆಯ ದಿನನಿತ್ಯದ ಸ್ವಭಾವ. ಲೆಕ್ಕ ತಾಳೆಯಾಗದಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ “ದಾರಿಯಲ್ಲಿ ಏನಾಯಿತು?” ಎಂಬುದೇ ಹೊರತು “ಶಾನುಭೋಗ ಎಷ್ಟು ನುಂಗಿದ?” ಎಂಬುದಲ್ಲ.

ಹೊರೈಜನ್ನಿನಲ್ಲಿ ಕೇಳಿದ್ದು ಎರಡನೆಯ ಪ್ರಶ್ನೆಯನ್ನು ಮಾತ್ರ. ಐಸಿಎಲ್ ಸಂಸ್ಥೆ ಕಟ್ಟಿದ, ಬಳಿಕ ಫುಜಿತ್ಸು ನಡೆಸಿದ ಈ ವ್ಯವಸ್ಥೆ 1999ರಿಂದ ದೇಶದ ಅಂಚೆ ಕಚೇರಿಗಳಿಗೆ ಬಂತು. ಅದರ ಮೊದಲ ರೂಪದಲ್ಲಿ ಪ್ರತಿ ಕೌಂಟರಿನ ಗಣಕಯಂತ್ರವೂ ಒಂದು ನೋಡ್ ಆಗಿತ್ತು. ವ್ಯವಹಾರ ಮೊದಲು ಅಲ್ಲೇ ದಾಖಲಾಗಿ, ಬಳಿಕ ಪಕ್ಕದ ಕೌಂಟರಿಗೂ ಕೇಂದ್ರದ ಸರ್ವರುಗಳಿಗೂ ಪ್ರತಿಯಾಗುತ್ತಿತ್ತು. ಆ ಪ್ರತೀಕರಣ ಕೆಲವೊಮ್ಮೆ ಕೈಕೊಟ್ಟಿತು. ಸ್ಕಾಟ್ಲೆಂಡಿನ ಫಾಲ್ಕರ್ಕಿನ ಶಾಖೆಯೊಂದರ ಹೆಸರಿನಿಂದ ‘ಕ್ಯಾಲೆಂಡರ್ ಸ್ಕ್ವೇರ್’ ಎಂದು ಕರೆಯಲಾಗುವ ದೋಷದಲ್ಲಿ ಒಂದು ಕೌಂಟರಿನಲ್ಲಿ ಬರೆದದ್ದು ಪಕ್ಕದ ಕೌಂಟರಿಗೆ ಕಾಣಿಸದೆ, ಒಂದೇ ವರ್ಗಾವಣೆ ಮತ್ತೆ ದಾಖಲಾಗುತ್ತಿತ್ತು. ಈ ದೋಷ 2000ದಿಂದ 2006ರ ವರೆಗೆ ಜೀವಂತವಾಗಿತ್ತು.

2010ರಲ್ಲಿ ಹೊರೈಜನ್ ಹೊಸ ರೂಪ ತಾಳಿತು. ಮಾಹಿತಿ ಶಾಖೆಯಲ್ಲಿ ಉಳಿಯದೆ ಕೇಂದ್ರಕ್ಕೆ ಹೋಯಿತು. “ಹಳೆಯ ಕಾಲದ್ದು” ಎನ್ನುವವರು ಇಲ್ಲಿ ಗಮನಿಸಬೇಕು. 2015ರಲ್ಲಿ, ಈ ಹೊಸ ರೂಪದಲ್ಲಿಯೇ, ಡಾಲ್‌ಮೆಲಿಂಗ್ಟನ್ ಎಂಬ ಊರಿನ ಅಂಚೆಯವರು 8,000 ಪೌಂಡಿನ ನಗದು ಚೀಲವನ್ನು ಹೊರಶಾಖೆಯೊಂದಕ್ಕೆ ಜಮೆ ಮಾಡಹೊರಟರು. ಪರದೆ ಮುಂದಕ್ಕೆ ಹೋಗಲಿಲ್ಲ. ಯಾರೇ ಆದರೂ ಮಾಡುವಂತೆ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು. ವ್ಯವಸ್ಥೆ ನಾಲ್ಕು ಬಾರಿ ಜಮೆ ಮಾಡಿಕೊಂಡಿತು. ಇಲ್ಲದ 24,000 ಪೌಂಡಿನ ಕೊರತೆ ಒಂದು ಕ್ಷಣದಲ್ಲಿ ಹುಟ್ಟಿತು. ಒಂದೇ ಕೋರಿಕೆ ಎರಡನೆಯ ಸಲ ಬಂದರೆ ಅದನ್ನು ಗುರುತಿಸಿ ಬದಿಗಿಡಬೇಕೆಂಬುದು ನಮ್ಮ ವೃತ್ತಿಯ ಅಕ್ಷರಾಭ್ಯಾಸದ ಪಾಠ. ಇಂದಿನ ಸಂದೇಶ ಸರತಿಗಳಲ್ಲಿ ಬಹುಪಾಲು “ಒಮ್ಮೆಯಾದರೂ ತಲಪಿಸುತ್ತೇವೆ” ಎನ್ನುತ್ತವೆಯೇ ಹೊರತು “ಒಮ್ಮೆ ಮಾತ್ರ” ಎನ್ನುವುದಿಲ್ಲ. ನೂರು ಸಣ್ಣ ಸೇವೆಗಳಾಗಿ ಒಡೆದ ಇಂದಿನ ಅನ್ವಯದಲ್ಲಿ ಈ ಪಾಠ ಮರೆಯಲು ನೂರು ಜಾಗಗಳಿವೆ.

ಹೊಸತಾದರೆ ಕ್ಷೇಮ ಎಂಬ ನಂಬಿಕೆಗೆ ಇನ್ನೆರಡು ಉತ್ತರಗಳನ್ನು ಕೊಡುತ್ತೇನೆ. 2012ರ ಆಗಸ್ಟ್ 1ರ ವೇಳೆಗೆ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆಯ ಎಂಟು ಸರ್ವರುಗಳಿಗೆ ಹೊಸ ತಂತ್ರಾಂಶ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದಕ್ಕೆ ಹಾಕುವುದು ಮರೆತುಹೋಯಿತು; ಎರಡನೆಯವರೊಬ್ಬರು ಪರಿಶೀಲಿಸುವ ಪದ್ಧತಿಯೂ ಇರಲಿಲ್ಲ. ಆ ಒಂದು ಸರ್ವರಿನಲ್ಲಿ ವರ್ಷಗಳಿಂದ ಸತ್ತಂತೆ ಬಿದ್ದಿದ್ದ ಹಳೆಯ ಸಂಕೇತಾವಳಿ ಎದ್ದು ಕುಳಿತು ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಮೀರಿದ ನಷ್ಟ ತಂದಿತು. ಪೇಟೆ ತೆರೆಯುವ ಮೊದಲೇ ಅದೇ ವ್ಯವಸ್ಥೆ 97 ಎಚ್ಚರಿಕೆಯ ಮಿಂಚಂಚೆಗಳನ್ನು ಕಳುಹಿಸಿತ್ತು. ಯಾರೂ ಅವುಗಳ ಮೇಲೆ ಕ್ರಮ ಕೈಗೊಳ್ಳಲಿಲ್ಲ.

2024ರ ಜುಲೈ 19ರಂದು ನಡೆದದ್ದು ಇದರ ವಿಲೋಮ. ಕ್ರೌಡ್‌ಸ್ಟ್ರೈಕ್ ಸಂಸ್ಥೆ ಒಂದು ಸಂರಚನಾ ಕಡತವನ್ನು ಎಲ್ಲ ನೋಡುಗಳಿಗೂ ಒಟ್ಟಿಗೇ ಕಳುಹಿಸಿತು. ದೋಷ ತಿಳಿದು 78 ನಿಮಿಷಗಳಲ್ಲಿ ಹಿಂಪಡೆದರೂ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ನೆಲಕಚ್ಚಿದವು. ಅವುಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಕೈಯಿಂದ ಸರಿಪಡಿಸಬೇಕಾಯಿತು. ಅಂದು ಇಂಗ್ಲೆಂಡಿನ ಜಿಪಿ ಚಿಕಿತ್ಸಾಲಯಗಳಲ್ಲಿ ರೋಗಿಗಳ ದಾಖಲೆ ತೆರೆಯಲಾಗದೆ ವೈದ್ಯರು ಕಾಗದ ಹಿಡಿದು ಕುಳಿತದ್ದನ್ನು ನಾವೆಲ್ಲ ಬಲ್ಲೆವು. ಒಂದು ಪ್ರಕರಣದಲ್ಲಿ ಒಂದು ನೋಡನ್ನು ಬಿಟ್ಟದ್ದು ತಪ್ಪು, ಇನ್ನೊಂದರಲ್ಲಿ ಎಲ್ಲವನ್ನೂ ಒಮ್ಮೆಗೇ ಮುಟ್ಟಿದ್ದು ತಪ್ಪು. ಎರಡೂ ಸಮರ್ಥರ ಕೈಯಲ್ಲಿ, ಆಧುನಿಕ ಯಂತ್ರಗಳ ಮೇಲೆ ಆದ ತಪ್ಪುಗಳೇ.

ಆದರೂ ಇವಕ್ಕೂ ಹೊರೈಜನ್ನಿಗೂ ಒಂದು ದೊಡ್ಡ ಅಂತರವಿದೆ. ನೈಟ್ ಕ್ಯಾಪಿಟಲ್ಲಿನ ನಷ್ಟವನ್ನು ತಪ್ಪು ಮಾಡಿದ ಸಂಸ್ಥೆಯೇ ಹೊತ್ತಿತು. ಹೊರೈಜನ್ನಿನಲ್ಲಿ ಎತ್ತಿಗೆ ಜ್ವರ ಬಂದದ್ದಕ್ಕೆ ಎಮ್ಮೆಗೆ ಬರೆ ಎಳೆದರು. ನೋಡನ್ನು ಹೊಂದಿಸುವ ಅಧಿಕಾರವೆಲ್ಲ ಕೇಂದ್ರದ್ದು, ನೋಡಿನ ಲೆಕ್ಕಕ್ಕೆ ಹೊಣೆಯೆಲ್ಲ ಕೌಂಟರಿನ ಹಿಂದೆ ಕುಳಿತವರದು. ಬ್ರಿಡ್ಲಿಂಗ್ಟನ್ನಿನ ಲೀ ಕ್ಯಾಸಲ್ಟನ್ ಸಹಾಯವಾಣಿಗೆ 91 ಬಾರಿ ಕರೆಮಾಡಿದರು. ಕೊನೆಗೆ 2007ರಲ್ಲಿ ನ್ಯಾಯಾಲಯ ಅವರ ಮೇಲೆಯೇ ತೀರ್ಪಿತ್ತು, 3,21,000 ಪೌಂಡಿನ ವೆಚ್ಚ ಹೊರಿಸಿ ಅವರು ದಿವಾಳಿಯಾದರು. ಸರ್ರೆಯ ವೆಸ್ಟ್ ಬೈಫ್ಲೀಟಿನ ಸೀಮಾ ಮಿಶ್ರಾ 74,000 ಪೌಂಡಿಗೂ ಹೆಚ್ಚು ಹಣ ಕದ್ದರೆಂಬ ಆರೋಪದ ಮೇಲೆ 2010ರ ನವೆಂಬರಿನಲ್ಲಿ 15 ತಿಂಗಳ ಸೆರೆವಾಸಕ್ಕೆ ಗುರಿಯಾದರು. ಆಗ ಅವರು ಗರ್ಭಿಣಿ. ಅವರ ಮಗನಿಗೆ ಅಂದು ಹತ್ತನೆಯ ಹುಟ್ಟುಹಬ್ಬ.

1999ರಿಂದ 2015ರ ವರೆಗೆ 900ಕ್ಕೂ ಹೆಚ್ಚು ಮಂದಿ ಹೀಗೆ ಅಪರಾಧಿಗಳಾದರು; ಅವರಲ್ಲಿ ಸುಮಾರು 700 ಮಂದಿಯ ಮೇಲೆ ಅಂಚೆ ಕಚೇರಿಯೇ ಮೊಕದ್ದಮೆ ಹೂಡಿತ್ತು. ಕೌಂಟರಿನ ಹಿಂದೆ ನಿಂತವರಲ್ಲಿ ಗುಜರಾತಿ, ಪಂಜಾಬಿ ಕುಟುಂಬಗಳೂ ಬಹಳವಿದ್ದವು. ತನಿಖೆಗಾರರ ಕೈಪಿಡಿಯೊಂದು ಶಂಕಿತರನ್ನು ಜನಾಂಗೀಯ ಗುಂಪುಗಳಾಗಿ ವಿಂಗಡಿಸಲು ಹೇಳುತ್ತಿತ್ತೆಂಬುದು 2023ರಲ್ಲಿ ಬೆಳಕಿಗೆ ಬಂದು, ಅಂಚೆ ಕಚೇರಿ ಕ್ಷಮೆ ಕೇಳಬೇಕಾಯಿತು. 2025ರ ಜುಲೈ 8ರಂದು ಹೊರಬಂದ ಸರ್ ವಿನ್ ವಿಲಿಯಮ್ಸ್ ಅವರ ವಿಚಾರಣಾ ವರದಿಯ ಮೊದಲ ಸಂಪುಟ, ಕನಿಷ್ಠ 13 ಮಂದಿಯ ಆತ್ಮಹತ್ಯೆಗೆ ಈ ಸಂಕಟ ಕಾರಣವಾಗಿರಬಹುದೆಂದು ಹೇಳಿದೆ.

“ಎಂಜಿನಿಯರುಗಳದೇನು?” ಎಂಬ ಎರಡನೆಯ ಸಮಾಧಾನಕ್ಕೆ ಈಗ ಬರೋಣ. ದೂರದ ಬ್ರಾಕ್ನೆಲ್ ಪಟ್ಟಣದಲ್ಲಿ ಕುಳಿತ ಬೆಂಬಲ ಸಿಬ್ಬಂದಿಗೆ ಶಾಖೆಯ ಲೆಕ್ಕದೊಳಗೆ ಕೈಹಾಕಿ ನಮೂದುಗಳನ್ನು ಸೇರಿಸುವ ಸಾಮರ್ಥ್ಯವಿತ್ತು. ಹಳೆಯ ಹೊರೈಜನ್ನಿನಲ್ಲಿ ಹೀಗೆ ಸೇರಿಸಿದ ನಮೂದು ಶಾಖೆಯವರೇ ಬರೆದಂತೆ ಕಾಣುವ ಸಾಧ್ಯತೆಯೂ ಇತ್ತು. ಅಂಚೆ ಕಚೇರಿ ವರ್ಷಗಟ್ಟಲೆ “ಹೊರಗಿನಿಂದ ಯಾರೂ ಮುಟ್ಟಲಾರರು” ಎಂದೇ ಹೇಳುತ್ತ ಬಂತು. ಆಗ ನಿಜ ಬಲ್ಲವರು ಯಾರು? ಆ ಕೈಗಳ ಒಡೆಯರು. ಅವರಲ್ಲೊಬ್ಬರಾಗಿದ್ದ ರಿಚರ್ಡ್ ರೋಲ್ 2015ರಲ್ಲಿ ಬಿಬಿಸಿಯ ‘ಪನೋರಮಾ’ದಲ್ಲಿ ಬಾಯಿಬಿಟ್ಟರು. ಆ ಹೊತ್ತಿಗೆ ಎಷ್ಟೋ ಮನೆಗಳು ಮುರಿದಿದ್ದವು. ಮೇಲಧಿಕಾರಿಗಳು ಸುಳ್ಳು ಹೇಳಿದರು, ನಿಜ. ಆದರೆ ಆ ಸುಳ್ಳು ನಿಂತದ್ದು ಬಲ್ಲವರ ಮೌನದ ಕಂಬದ ಮೇಲೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳದೆ ಮುಂದುವರಿದರೆ ಈ ಮಾತಿಗೆ ಬೆಲೆಯಿಲ್ಲ. ಬಹಳ ವರ್ಷಗಳ ಹಿಂದೆ, ಹೆಸರು ಬೇಡವಾದ ಒಂದು ಸಂಸ್ಥೆಯಲ್ಲಿ, ಸಿಕ್ಕಿಬಿದ್ದ ಕೆಲವು ವ್ಯವಹಾರಗಳನ್ನು ನಾನು ನಡುರಾತ್ರಿ ಡೇಟಾಬೇಸಿನಲ್ಲಿ ನೇರವಾಗಿ ತಿದ್ದಿದ್ದೇನೆ. ಬಳಸಿದ್ದು ತಂಡದವರೆಲ್ಲ ಹಂಚಿಕೊಂಡಿದ್ದ ಒಂದೇ ಪಾಸ್‌ವರ್ಡ್. ಬೆಳಿಗ್ಗೆ ಎಲ್ಲ ಸರಿಯಾಯಿತೆಂದು ಮೆಚ್ಚುಗೆಯೂ ದೊರೆಯಿತು. ಆ ತಿದ್ದುಪಡಿಯ ಆಚೆ ತುದಿಯಲ್ಲಿ ಯಾರ ಖಾತೆಯಿತ್ತು, ಅವರಿಗೆ ಇದನ್ನು ತಿಳಿಸಿದರೇ ಎಂದು ನಾನು ಕೇಳಲಿಲ್ಲ. ನಮ್ಮಲ್ಲಿ ಎಷ್ಟು ಜನ ಎದೆಮುಟ್ಟಿ “ನಾನು ಹೀಗೆ ಎಂದೂ ಮಾಡಿಲ್ಲ” ಎನ್ನಬಲ್ಲೆವು?

ಬೇರೆ ದಾರಿಯಿರಲಿಲ್ಲವೆ? ಇತ್ತು, ಮತ್ತು ಅದನ್ನು ನೋಡಲು ದೂರ ಹೋಗಬೇಕಿಲ್ಲ. ಹೊರೈಜನ್ ಇಲ್ಲಿ ಹರಡುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕೈಬರಹದ ಕಡತಗಳಿಂದ ಗಣಕಯಂತ್ರಕ್ಕೆ ಸೇರಿದವು. ಅಂದಿನ 177 ತಾಲ್ಲೂಕುಗಳ ಕಚೇರಿಗಳಲ್ಲಿ ಕಿಯಾಸ್ಕುಗಳು ತೆರೆದವು. 15 ರೂಪಾಯಿಗೆ ಪಹಣಿ ಕೈಗೆ ಬಂತು. ಇದೂ ವಿತರಿತ ವ್ಯವಸ್ಥೆಯೇ, ಪ್ರತಿ ತಾಲ್ಲೂಕೂ ಒಂದು ನೋಡ್. ಆದರೆ ಅದನ್ನು ಕಟ್ಟಿದವರು ಎರಡು ಸರಳ ಏರ್ಪಾಡುಗಳನ್ನು ಮಾಡಿದ್ದರು. ಕಿಯಾಸ್ಕಿನಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದಿತ್ತು. ಸಿಬ್ಬಂದಿ ಏನು ಟೈಪ್ ಮಾಡುತ್ತಾನೆಂಬುದು ರೈತನಿಗೂ ಕಾಣುತ್ತಿತ್ತು. ದಾಖಲೆ ತಿದ್ದುವ ಅಧಿಕಾರಿ ತನ್ನ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. “ನಾನು ಮಾಡಿದ್ದಲ್ಲ” ಎಂದು ಆಮೇಲೆ ಜಾರಿಕೊಳ್ಳುವಂತಿರಲಿಲ್ಲ.

‘ಭೂಮಿ’ ಸರ್ವಗುಣಸಂಪನ್ನವಾಗಿತ್ತೆಂದು ನಾನು ಹೇಳುತ್ತಿಲ್ಲ. ಹೆಸರಿನ ಒಂದಕ್ಷರ ತಪ್ಪಿದ್ದಕ್ಕೆ ತಾಲ್ಲೂಕು ಕಚೇರಿಗೆ ಅಲೆದವರು ನಮ್ಮ ನೆಂಟರಲ್ಲೇ ಇದ್ದಾರೆ. ಖಾತೆ ಬದಲಾವಣೆಯ ಮೇಜಿನ ಕೆಳಗಿನ ವ್ಯವಹಾರ ಪೂರ್ತಿ ನಿಂತಿತೆಂದು ಯಾರೂ ನಂಬುವುದಿಲ್ಲ. ಆದರೂ ಆ ಎರಡು ಏರ್ಪಾಡುಗಳಲ್ಲಿ ಒಂದು ನೀತಿಯಿದೆ: ಯಾರ ಲೆಕ್ಕವೋ ಅವರಿಗೆ ಕಾಣಬೇಕು, ಯಾರ ಕೈಯೋ ಅವರ ಗುರುತು ಉಳಿಯಬೇಕು. ಇಷ್ಟು ನೀತಿ ಬ್ರಿಟಿಷ್ ಅಂಚೆಯ ಕೌಂಟರಿನಲ್ಲಿದ್ದಿದ್ದರೆ ಸೀಮಾ ಮಿಶ್ರಾ ಮಗನ ಹುಟ್ಟುಹಬ್ಬಕ್ಕೆ ಮನೆಯಲ್ಲಿರುತ್ತಿದ್ದರು.

ಕಾನೂನೂ ಇಲ್ಲಿ ಕೈಜೋಡಿಸಿದೆ. 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯಿದೆಯ 69ನೆಯ ಕಲಮಿನಂತೆ, ಗಣಕಯಂತ್ರದ ದಾಖಲೆಯನ್ನು ಸಾಕ್ಷಿಯಾಗಿ ತರುವವರು ಆ ಯಂತ್ರ ಸರಿಯಾಗಿತ್ತೆಂದು ತೋರಿಸಬೇಕಿತ್ತು. 1999ರ ಕಾಯಿದೆಯೊಂದು ಅದನ್ನು ತೆಗೆದುಹಾಕಿತು. ಅಂದಿನಿಂದ ಯಂತ್ರ ಸರಿಯಿದೆಯೆಂಬುದೇ ಊಹೆ; ತಪ್ಪಿದೆಯೆನ್ನುವವರು ಅದಕ್ಕೆ ಆಧಾರ ಕೊಡಬೇಕು. ಲಾಗ್ ಕಡತಗಳು ಎದುರು ಪಕ್ಷದ ಕೈಯಲ್ಲಿರುವಾಗ ಕೌಂಟರಿನಲ್ಲಿ ಕುಳಿತವರು ಆಧಾರವನ್ನು ಎಲ್ಲಿಂದ ತಂದಾರು? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕೇಳಿ ಬೆಳೆದ ನಮಗೆ, ಕಾಣದ್ದನ್ನೂ ಪ್ರಮಾಣಿಸದೆ ನಂಬು ಎನ್ನುವ ಈ ನಿಯಮ ವಿಚಿತ್ರವೆನಿಸಬೇಕು.

ವಿಷಯ ತಿರುಗಿದ್ದು ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಮಂದಿ ಮೊಕದ್ದಮೆ ಹೂಡಿದ ಮೇಲೆ. 2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್ ಹೊರೈಜನ್ನಿನ ದೋಷಗಳನ್ನು ಒಂದೊಂದಾಗಿ ಪಟ್ಟಿಮಾಡಿದರು. ಅಂಚೆ ಕಚೇರಿಯ ವಾದವನ್ನು ಭೂಮಿ ಚಪ್ಪಟೆಯೆನ್ನುವವರ ವಾದಕ್ಕೆ ಹೋಲಿಸಿದರು. 2021ರ ಏಪ್ರಿಲಿನಲ್ಲಿ 39 ಮಂದಿಯ ಶಿಕ್ಷೆ ರದ್ದಾಯಿತು, ಸೀಮಾ ಮಿಶ್ರಾ ಅವರದೂ ಸೇರಿ. ಉಳಿದವರಿಗಾಗಿ 2024ರ ಮೇ ತಿಂಗಳಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು. ಯಂತ್ರವನ್ನು ನಂಬುವ ನಿಯಮದ ಬಗ್ಗೆ ನ್ಯಾಯ ಇಲಾಖೆ 2025ರ ಜನವರಿಯಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಯಂತ್ರಗಳನ್ನು ಒಳಗಿನಿಂದ ಬಲ್ಲ ನಮ್ಮಂಥವರೇ ಮೊದಲು ಉತ್ತರಿಸಬೇಕಿತ್ತು. ನಾನೂ ಬರೆಯಲಿಲ್ಲ, ಬರೆದೆನೆಂದ ಪರಿಚಯಸ್ಥರೂ ನನಗೆ ಸಿಕ್ಕಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ನೋಡುಗಳನ್ನು ನಿರ್ವಹಿಸುವ ನಮ್ಮ ಸದಸ್ಯರು ತಮ್ಮ ತಮ್ಮ ಕಚೇರಿಗಳಲ್ಲಿ ನಾಲ್ಕು ವಿಷಯಗಳನ್ನು ಪಟ್ಟುಹಿಡಿದು ಕೇಳಲಿ. ಒಂದು: ಹಂಚಿಕೊಂಡ ಪಾಸ್‌ವರ್ಡಿನಿಂದ ಯಾವ ನೋಡನ್ನೂ ಮುಟ್ಟುವುದಿಲ್ಲ, ಮುಟ್ಟಿದವರ ಹೆಸರು, ಹೊತ್ತು, ಕಾರಣ ಅಳಿಸಲಾಗದಂತೆ ಉಳಿಯಬೇಕು. ಎರಡು: ಒಬ್ಬರ ಲೆಕ್ಕವನ್ನು ಕೇಂದ್ರದಿಂದ ತಿದ್ದಿದರೆ ಅದು ಅವರ ಪರದೆಯಲ್ಲಿ, ಅವರಿಗೆ ತಿಳಿಯುವ ಮಾತಿನಲ್ಲಿ ಕಾಣಬೇಕು. ಮೂರು: ಸಂರಚನೆಯ ಬದಲಾವಣೆಗೂ ತಂತ್ರಾಂಶದಷ್ಟೇ ಪರೀಕ್ಷೆ ಬೇಕು, ಮೊದಲು ಕೆಲವು ನೋಡುಗಳಿಗೆ, ಕಾದು ನೋಡಿ ಉಳಿದವಕ್ಕೆ, ಕೊನೆಗೆ ಒಂದೂ ಬಿಟ್ಟುಹೋಗಿಲ್ಲವೆಂದು ಎರಡನೆಯ ಕಣ್ಣಿನ ಪರಿಶೀಲನೆ. ನಾಲ್ಕು: ಗೊತ್ತಿರುವ ದೋಷಗಳ ಪಟ್ಟಿ ಗುಟ್ಟಾಗಿರಬಾರದು, ಲೆಕ್ಕ ತಪ್ಪಿತೆಂದು ಒಬ್ಬರ ಮೇಲೆ ಬೆರಳು ತೋರಿಸುವ ಮುನ್ನ ಆ ಪಟ್ಟಿ ಅವರ ಕೈಗೆ ಸಿಗಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಖರ್ಚಿನದು. ಸಂತ್ರಸ್ತರಿಗೆ ಇಂದು ಈ ದೇಶದ ತೆರಿಗೆದಾರರು, ಅಂದರೆ ನಾವೂ ನೀವೂ, ಪರಿಹಾರ ಕಟ್ಟುತ್ತಿದ್ದೇವೆ. ಎರಡನೆಯ ಪರದೆಯ ಬೆಲೆ ಅದಕ್ಕಿಂತ ಕಡಿಮೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. “ನನ್ನ ವೀಸಾ ಕಂಪನಿಯ ಕೈಯಲ್ಲಿದೆ. ಮಕ್ಕಳು ಇಲ್ಲಿ ಶಾಲೆಗೆ ಹೋಗುತ್ತಿದ್ದಾರೆ. ನಾನು ಬಾಯಿಬಿಟ್ಟರೆ ಕಾಪಾಡುವವರು ಯಾರು?” ಈ ಅಳುಕು ನ್ಯಾಯವಾದದ್ದು. ಹೊಸದಾಗಿ ಬಂದ ಹುಡುಗನನ್ನೋ ಹುಡುಗಿಯನ್ನೋ ಒಬ್ಬಂಟಿಯಾಗಿ ಮುಂದೆ ನಿಲ್ಲಿಸಿ ಧೈರ್ಯದ ಪಾಠ ಹೇಳುವುದು ಹೇಡಿತನ. ಆದ್ದರಿಂದಲೇ ಈ ಮಾತು ಹೆಚ್ಚಾಗಿ ಸಲ್ಲುವುದು ನಮ್ಮಂಥವರಿಗೆ: ಇಪ್ಪತ್ತು ವರ್ಷಗಳಿಂದ ಇಲ್ಲಿ ನೆಲೆನಿಂತವರಿಗೆ, ಮನೆಯ ಸಾಲ ತೀರುತ್ತ ಬಂದವರಿಗೆ, ತಂಡಗಳ ಮುಖ್ಯಸ್ಥರಾಗಿ ಸಹಿಹಾಕುವವರಿಗೆ. ಕಿರಿಯರು ಕಂಡದ್ದನ್ನು ನಮ್ಮ ಹೆಸರಿನಲ್ಲಿ ಹೇಳುವ ಹೊಣೆ ನಮ್ಮದು.

ಬಳಗಕ್ಕೂ ಒಂದು ವಿನಂತಿಯಿದೆ. ನಮ್ಮ ಕಾರ್ಯಕ್ರಮಗಳಲ್ಲಿ ಹೊಸ ತಂತ್ರಜ್ಞಾನದ ಬಗ್ಗೆ ಉಪನ್ಯಾಸಗಳು ಆಗಾಗ ನಡೆಯುತ್ತವೆ. ಅವುಗಳಲ್ಲಿ ಒಂದನ್ನಾದರೂ ಈ ವಿಷಯಕ್ಕೆ ಮೀಸಲಿಡಿ. ಮಾತನಾಡಲು ತಜ್ಞರನ್ನು ಕರೆಯುವ ಬದಲು, ಹೊರೈಜನ್ನಿಗೆ ಸಿಕ್ಕಿ ನಲುಗಿದ ಒಬ್ಬ ಅಂಗಡಿಯವರನ್ನು ಕರೆಯಿರಿ. ನಾವು ಎದುರು ಕುಳಿತು ಕೇಳೋಣ. ನಡುರಾತ್ರಿ ನಾವು ಒತ್ತುವ ಗುಂಡಿಯ ಆಚೆ ತುದಿಯಲ್ಲಿ ಯಾರಿದ್ದಾರೆಂಬುದು ಒಮ್ಮೆಯಾದರೂ ನಮ್ಮ ಕಣ್ಣಿಗೆ ಬೀಳಲಿ.